ಅನಾರಸದ ಮೇಲಿನ ಗಸಗಸೆ

ಗಲ್ಫ್‌ಗೆ ಕೆಲಸಕ್ಕೆ ಹೊರಟವರಿಗೆ ಅಲ್ಲಿನ ಕಾಯಿದೆ, ರೀತಿ-ರಿವಾಜು ಹೇಳಿಕೊಡುವುದು ಗೋವಾದ ಪರ್ವರಿಯ ಒಂದು ಕಚೇರಿಯಲ್ಲಿ ನನ್ನ ಕೆಲಸವಾಗಿತ್ತು. ಮೊಬೈಲ್ ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಪ್ರತಿ ಶನಿವಾರ ಹತ್ತು-ಹನ್ನೆರಡು ಜನ, ಹೆಚ್ಚಿನವರು ವಿಜಾಪುರ, ಬಾಗಲಕೋಟೆ ಕಡೆಯವರೇ. ರಂಜಾನ್ ತಿಂಗಳ ಹಗಲಲ್ಲಿ ಜನರೆದುರು ನೀರೂ ಕುಡಿಯಬೇಡಿ, ಹೆಂಗಸರ ಫೋಟೋ ತೆಗೆಯಬೇಡಿ, ಬಾಟಲಿ ಹಿಡಿದು ಬೀದಿಗೆ ಬರಲು ಅದು ಗೋವಾ ಅಲ್ಲ ಎನ್ನುತ್ತಿದ್ದೆ. ಧಾರವಾಡದ ಮಾಸ್ತರ ಮಗಳು ನಾನು. ನಾನು ಹೇಳಿದರೆ ಕಲ್ಲಿಗೂ ತಿಳಿಯುತ್ತದೆ ಎಂಬ ಜಂಬವಿತ್ತು.

ಒಂದು ಶನಿವಾರ, ವೆರ್ಣಾದ ಕಾರ್ಖಾನೆ ಬಿಟ್ಟು ದುಬೈಗೆ ಹೊರಟಿದ್ದ ವೆಲ್ಡರನೊಬ್ಬನ ಹಿಂದೆ ಅವನ ಹೆಂಡತಿಯೂ ಒಳಗೆ ಬಂದು ಕೂತಳು. ಮರುದಿನವೇ ಅವನ ವಿಮಾನ.

“ಇದು ಹೋಗೋರಿಗಷ್ಟ ಅದವಾ, ನೀ ಹೊರಗ ಕೂಡು,” ಎಂದೆ.

“ಚೀಲಾ ಕಟ್ಟಾಕಿ ನಾನ ಅದೀನ್ರಿ, ಬಾಯಾರ,” ಎಂದಳು. ಏಳಲಿಲ್ಲ.

ಇರಲಿ ಎಂದು, ಒಯ್ಯಬಾರದ ವಸ್ತುಗಳ ಪಟ್ಟಿ ಓದತೊಡಗಿದೆ. ಗಸಗಸೆ ಅಲ್ಲಿ ಮಾದಕ ವಸ್ತುವಿನ ಲೆಕ್ಕ, ಸಿಕ್ಕರೆ ಜೈಲು ಎಂದಾಗ ಗಂಡಸರು ಎಂದಿನಂತೆ ತಲೆ ಆಡಿಸಿದರು. ಅವಳು ಎದ್ದು ನಿಂತಳು. ಮುಖ ಬಿಳಚಿಕೊಂಡಿತ್ತು.

“ಇವರಿಗಂತ ಬೆಲ್ಲದ ಅನಾರಸ ಮಾಡಿ ಚೀಲದಾಗ ಇಟ್ಟೇನ್ರಿ. ಮ್ಯಾಲೆಲ್ಲಾ ಗಸಗಸಿ ಹಚ್ಚೇನಿ.”

ಗಂಡ ನಕ್ಕ. “ಉದುರಿಸಿದ್ರ ಆತ ಬಿಡ.” ಈಗ ಹೇಳಲು ನಾಚಿಕೆಯಾಗುತ್ತದೆ, ನಾನೂ ಹೂಂ ಎಂದೆ.

“ಕರಿದ ಮ್ಯಾಲೆ ಅದೆಲ್ಲಿ ಉದರತೈತ್ರಿ? ಒಂದ್ ಕಾಳ ಉಳದ್ರ ಇವರು ಜೈಲಿನ್ಯಾಗ ಕುಂದರಬೇಕೇನ್ರಿ?” ಉಳಿದವರ ಕಡೆ ತಿರುಗಿದಳು. “ನಿಮ್ಮ ಚೀಲದಾಗ ಏನೈತ್ರಿ ಅಣ್ಣಾರ?”

ಒಬ್ಬರಿಗೂ ಗೊತ್ತಿಲ್ಲ. ಮನೆಯಲ್ಲಿ ಕಟ್ಟಿದ್ದಾರೆ ಎಂದರು, ಅಷ್ಟೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿದ್ದಂತಾಯಿತು ನನ್ನ ಗತಿ. ಇಷ್ಟು ದಿನ ಚೀಲ ಹೊರುವವರಿಗೆ ಪಾಠ ಹೇಳಿ, ಕಟ್ಟುವವರನ್ನು ಹೊರಗೆ ಕೂರಿಸಿದ್ದೆ. ಒಬ್ಬೊಬ್ಬರಾಗಿ ಮನೆಗೆ ಫೋನ್ ಹಚ್ಚಿದರು. ಇಬ್ಬರ ಮಸಾಲೆ ಪುಡಿಯಲ್ಲಿ ಗಸಗಸೆ ಇತ್ತು.

ಅವಳು ಮನೆಗೆ ಹೋಗಿ ಅನಾರಸವನ್ನೆಲ್ಲ ಓಣಿಯ ಮಕ್ಕಳಿಗೆ ಹಂಚಿದಳಂತೆ. ಹೊಲಿಗೆಯ ಸಂದಿಯಲ್ಲಿ ಕಾಳು ಕೂತಿದ್ದರೆ ಎಂದು ಚೀಲವನ್ನು ತಿರುವಿ ಹಾಕಿ ತೊಳೆದು, ಒಣಗಿಸಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಯಷ್ಟನ್ನೇ ಕಟ್ಟಿದಳಂತೆ.

ಸೋಮವಾರ ಅವಳ ಫೋನ್ ಬಂತು.

“ಬಾಯಾರ, ಅಲ್ಲಿ ಇಳದ ಕೂಡ್ಲೇ ಚೀಲಾ ಪೂರಾ ಬಿಚ್ಚಿ ನೋಡಿದ್ರಂತ್ರಿ. ಚಟ್ನಿ ಡಬ್ಬಿನೂ ತೆಗದ್ರಂತ. ಏನೂ ಸಿಗಲಿಲ್ಲ, ಹೋಗ ಅಂದ್ರಂತ!”

ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನಮ್ಮ ಕಡೆಯ ಹೆಣ್ಣುಮಗಳು ಎಂಬ ಹೆಮ್ಮೆಯಿಂದ ನನ್ನ ಎದೆ ತುಂಬಿ ಬಂತು.

“ಬರೋ ಶನಿವಾರ ಆಫೀಸಿಗೆ ಬಾರವಾ.”

“ಯಾಕ್ರಿ, ಇನ್ನೂ ಕೇಳೂದು ಐತೇನ್ರಿ?”

“ಇಲ್ಲವಾ,” ಎಂದೆ. “ಕಲಿಸಲಿಕ್ಕೆ ಬಾ.”