ಮುತ್ತಯ್ಯನ ಫೀಚರ್ಸು

ಹನೂರಿನ ಮುತ್ತಯ್ಯ ಕುಕ್ಕರ್, ಗ್ಯಾಸ್ ಸ್ಟೌ ರಿಪೇರಿ ಮಾಡುವವನು. ಹೆಗಲಿಗೆ ಚೀಲ ಹಾಕಿಕೊಂಡು ಯಳಂದೂರು ಕಡೆಯ ಹಳ್ಳಿಗಳವರೆಗೂ ಹೋಗಿ ಕೂಗು ಹಾಕುತ್ತಿದ್ದ. ಮೂಲ ಗಡಿಯಂಚಿನ ಊರಿನವನಾದ್ದರಿಂದ ಮನೆಮಾತು ತಮಿಳು. ಅವನ ಕನ್ನಡಕ್ಕೂ ಅದರ ಎಳೆತವಿತ್ತು. ಯಾವುದೋ ಸ್ಟೌ ಉರಿದೆದ್ದು ಎಡಗೆನ್ನೆ ಸುಟ್ಟಿತ್ತು. ಆ ಕಲೆಯ ಪಕ್ಕದಲ್ಲೇ ಪೊದೆಯಂಥ ಮೀಸೆ. ಹೆಂಗಸರು ಅವನ ಹೆಸರು ಹಿಡಿದು ಕರೆಯುತ್ತಿದ್ದುದೇ ಕಡಿಮೆ. ‘ಮೀಸೆ ಕುಕ್ಕರ್‌ನೋನು’ ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ಒಂದು ಸಂಜೆ ಪಿಯುಸಿ ಓದುವ ಮಗಳು ರಾಣಿ ಫೋನ್ ನೋಡುತ್ತ, ‘ಅಪ್ಪಾ, ಮಕ್ಕಳ ಕಳ್ಳರು ಬಂದವ್ರಂತೆ. ಗ್ರೂಪಲ್ಲಿ ಹಾಕವ್ರೆ, ಕಳ್ಳನ ಫೀಚರ್ಸ್ ಹಿಂಗದೆ ಅಂತ’ ಎಂದಳು.

ಫೀಚರ್ಸ್ ಎಂಬ ಮಾತನ್ನು ಮುತ್ತಯ್ಯ ಕೇಳಿದ್ದು ಕೊಳ್ಳೇಗಾಲದ ಮೊಬೈಲ್ ಅಂಗಡಿಯಲ್ಲಿ ಮಾತ್ರ. ‘ಅದು ಫೋನ್‌ಗಲ್ವಾ ಇರದು? ಕ್ಯಾಮೆರಾ, ಟಾರ್ಚು ಅಂತ?’

‘ಮನುಷ್ಯರಿಗೂ ಇರ್ತದೆ ಕಣಪ್ಪ. ಚಹರೆ, ಗುರುತು, ಲಕ್ಷಣ, ಎಲ್ಲಾ ಅದೇಯ.’

ಒಲೆಯ ಮುಂದಿದ್ದ ಹೆಂಡತಿ ಸೋಮಮ್ಮ ನಕ್ಕಳು. ‘ಕಳ್ಳನಿಗೆಂಥಾ ಲಕ್ಷಣ! ಲಕ್ಷಣವಾಗವ್ಳೆ ಅಂತ ಮದ್ವೆ ಹೆಣ್ಣಿಗಲ್ವಾ ಅನ್ನದು?’

ರಾಣಿಯೂ ನಗುತ್ತಲೇ ಓದತೊಡಗಿದಳು. ‘ವಯಸ್ಸು ಐವತ್ತರ ಮೇಲೆ. ದಪ್ಪ ಮೀಸೆ. ಎಡಗೆನ್ನೆಯಲ್ಲಿ ಸುಟ್ಟ ಕಲೆ. ತಮಿಳು ಬೆರೆತ ಕನ್ನಡ. ಹೆಗಲಲ್ಲಿ ಚೀಲ. ರಿಪೇರಿ ನೆಪದಲ್ಲಿ...’

ಅವಳು ನಿಲ್ಲಿಸಿದಳು. ಮುತ್ತಯ್ಯನ ಕೈ ತಾನಾಗಿ ಕೆನ್ನೆಗೆ ಹೋಯಿತು. ತನ್ನನ್ನು ಎಲ್ಲೋ ನಿಂತು ನೋಡಿ, ಅಂಗಾಂಗ ಬಿಡಿಸಿ ಬರೆದವರು ಯಾರು? ಯಾವ ಊರಿನವರು? ಅದು ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಕೆಲವು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಬೀದಿಯಲ್ಲಿ ಬೈಕು ನಿಂತ ಸದ್ದಾದರೆ ಸಾಕು, ಎದ್ದು ಒಳಕೋಣೆ ಸೇರುತ್ತಿದ್ದ. ಆದರೆ ಎಷ್ಟು ದಿನ ಹಾಗೆ ಕೂರುವುದು? ಒಂದು ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಮೀಸೆ ಬೋಳಿಸಿದ. ಚೀಲ ಬಿಟ್ಟು ಸಾಮಾನನ್ನು ಪ್ಲಾಸ್ಟಿಕ್ ಕವರಿಗೆ ತುಂಬಿದ. ಟವೆಲನ್ನು ಕೆನ್ನೆ ಮುಚ್ಚುವಂತೆ ಸುತ್ತಿಕೊಂಡ.

‘ಯಾರೋ ಬ್ಯಾರೆಯವರಂಗೆ ಕಾಣ್ತೀಯ’ ಎಂದಳು ಸೋಮಮ್ಮ.

‘ಅದೇ ಬೇಕಾಗಿರದು.’

ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿದ. ಹಿಂದಿನ ಸೀಟಿನಲ್ಲಿ ಯಾರೋ ಅದೇ ಸಂದೇಶದ ಆಡಿಯೊ ಜೋರಾಗಿ ಹಾಕಿದ್ದರು. ಕಂಡಕ್ಟರ್ ಬಂದಾಗ ‘ಹೊನ್ನೂರು’ ಎಂದಷ್ಟೇ ಹೇಳಿ ಬಾಯಿ ಮುಚ್ಚಿದ, ಇನ್ನೊಂದು ಮಾತಾಡಿದರೆ ನಾಲಿಗೆ ಸಿಕ್ಕಿಬೀಳುತ್ತದೆಂದು.

ಹೊನ್ನೂರಲ್ಲಿ ಅವನು ಕೂಗು ಹಾಕಲಿಲ್ಲ. ಪರಿಚಯದ ಹೆಂಗಸರು ಕಂಡರೆ ಮೆಲ್ಲಗೆ ಕೇಳೋಣವೆಂದು ಒಂದೊಂದೇ ಗೇಟಿನ ಬಳಿ ನಿಂತು ಇಣುಕುತ್ತ ಹೋದ. ಮುಖ ಮುಚ್ಚಿದವನೊಬ್ಬ ಸದ್ದಿಲ್ಲದೆ ಮನೆಯೊಳಗೆ ಇಣುಕಿದರೆ ಹೇಗೆ ಕಾಣುತ್ತದೆಂದು ಅವನಿಗೆ ಹೊಳೆಯಲೇ ಇಲ್ಲ.

ಒಂದು ಜಗಲಿಯ ಅಂಚಿನಲ್ಲಿ ಕವರ್ ಇಟ್ಟು ಬೆವರು ಒರೆಸಿಕೊಳ್ಳುತ್ತಿದ್ದಾಗ, ಅಲ್ಲಿ ಆಡುತ್ತಿದ್ದ ಪುಟ್ಟ ಹೆಣ್ಣುಮಗು ಬಂದು ಕವರಿನಿಂದ ಕುಕ್ಕರ್ ವಿಶಲ್ ತೆಗೆದು ಬಾಯಿಗಿಟ್ಟುಕೊಳ್ಳಲು ಹೋಯಿತು. ಮುತ್ತಯ್ಯ ಮಗುವಿನ ಮುಂಗೈ ಹಿಡಿದ. ಬಾಗಿಲಿಗೆ ಬಂದ ತಾಯಿ ಚೀರಿದಳು.

ಕಬ್ಬಿನ ಗಾಡಿ ಹತ್ತಿರವಿದ್ದವರು ಓಡಿ ಬಂದರು. ಬೈಕಿನವರು ಬಂದರು. ಅವನು ಮಗುವಿನ ಕೈ ಬಿಟ್ಟಾಗಿತ್ತು; ಅವನ ಕೈ ಮಾತ್ರ ಯಾರದೋ ಹಿಡಿತದಲ್ಲಿತ್ತು.

‘ಯಾವೂರ್ಲಾ ನಿಂದು?’

‘ಅನೂರು ಸಾ. ಕುಕ್ಕರ್ ರಿಪೇರಿ ಸಾ. ಇಲ್ಲಿಗೆ ಬತ್ತಿರ್ತೀನಿ.’

‘ಬರೋನ್ಗೆ ಮೀಸೆ ಅದೆ. ನಮಗ್ ಗೊತ್ತಿಲ್ವಾ?’

‘ಬೋಳಿಸ್ದೆ ಸಾ.’

‘ಯಾಕ್ ಬೋಳಿಸ್ದೆ?’

ಯಾರೋ ಟವೆಲ್ ಎಳೆದರು. ಕಲೆ ಕಂಡಿತು. ಫೋನ್ ಹಿಡಿದಿದ್ದ ಯುವಕ ಒಂದೊಂದೇ ಗುರುತು ಓದಿ, ‘ಮೀಸೆ ಒಂದಿಲ್ಲ, ಮಿಕ್ಕಿದ್ದೆಲ್ಲ ಸರಿ ಓಯ್ತದೆ ಕಣ್ರಿ’ ಎಂದ. ಮೊದಲ ಏಟು ಬೆನ್ನಿಗೆ ಬಿತ್ತು. ಎರಡನೆಯದಕ್ಕೆ ಕೈಯೊಡ್ಡಿದ, ಬೆರಳಲ್ಲಿ ಏನೋ ಮುರಿಯಿತು. ಭಯಕ್ಕೆ ಕನ್ನಡವೆಲ್ಲ ಮರೆತು, ಹೊಡೆಯಬೇಡಿ ಎಂದು ಬೇಡುವಾಗ ಅವನ ಬಾಯಿಂದ ತಾಯಿಮಾತೇ ಬಂತು. ‘ಅಡಿಕ್ಕಾದೀಂಗಯ್ಯಾ! ಅಡಿಕ್ಕಾದೀಂಗ!’

‘ತಮಿಳು! ಇವ್ನೇಯ!’ ಎಂದು ಗುಂಪು ಒಟ್ಟಿಗೆ ಅರಚಿತು. ಅವನು ನೆಲಕ್ಕೆ ಕುಸಿದ.

ಎದುರು ಮನೆಯ ಶಿವರತ್ನಮ್ಮ ಹೊರಗೆ ಬಂದರು. ಜಮೀನುಳ್ಳ ಮನೆಯ ಹಿರಿಯ ಹೆಂಗಸು; ಅವರ ಕುಕ್ಕರನ್ನು ಮುತ್ತಯ್ಯ ಎಷ್ಟೋ ಸಲ ಸರಿ ಮಾಡಿಕೊಟ್ಟಿದ್ದ.

‘ಅವ್ವಾ, ನಾನು! ನಿಮ್ಮನೆ ಕುಕ್ಕರು!’ ಎಂದು ಅವನು ನೆಲದಿಂದಲೇ ಕೂಗಿದ.

‘ಇವ್ನು ಗೊತ್ತಾ ನಿಮಗೆ?’ ಗುಂಪಿನಲ್ಲೊಬ್ಬ ಕೇಳಿದ.

ಶಿವರತ್ನಮ್ಮ ಅವನ ಮುಖವನ್ನು ದಿಟ್ಟಿಸಿದರು. ಆ ಕಣ್ಣುಗಳಲ್ಲಿ ಗುರುತು ಮೂಡಲಿಲ್ಲ. ಅದು ಮುತ್ತಯ್ಯನಿಗೆ ಸ್ಪಷ್ಟವಾಗಿ ಕಂಡಿತು. ಇಲ್ಲಿಗೆ ನನ್ನ ಕತೆ ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದ.

‘ಗೊತ್ತು’ ಎಂದರು ಆಕೆ. ‘ನಮ್ಮನೆಗೆ ಬರೋನೇಯ. ಬಿಡ್ರೋ ಅವನ್ನ. ಬಾರಯ್ಯ ಒಳಿಕ್ಕೆ.’

ಆಕೆಯೇ ತೋಳು ಹಿಡಿದು ಎಬ್ಬಿಸಿದರು. ಅವನನ್ನು ಒಳಗೆ ನೂಕಿ ಅಗುಳಿ ಹಾಕಿದ ಮೇಲೆ ಶಿವರತ್ನಮ್ಮ ಗೋಡೆಗೆ ಒತ್ತಿಕೊಂಡು ದೂರ ನಿಂತರು.

‘ಈಗೇಳು. ನಿಜವಾಗ್ಲು ಯಾರಪ್ಪ ನೀನು?’

‘ಮುತ್ತಯ್ಯ ಅವ್ವ.’

‘ಮುತ್ತಯ್ಯನೋ ಅಲ್ವೋ ನಂಗೊತ್ತಾಗ್ತಿಲ್ಲ. ಮನೆ ಮುಂದೆ ಒಂದು ಜೀವ ಓಗೋದು ಬ್ಯಾಡ ಅಂತ ಸುಳ್ಳೇಳ್ಬುಟ್ಟೆ. ನೀನು ಕಳ್ಳನೇ ಆಗಿದ್ರೆ ನನ್ನ ಗತಿ ಏನು?’

ಹೊರಗೆ ಬಾಗಿಲು ಬಡಿಯುತ್ತಿದ್ದರು. ಒಳಗೆ ಇಬ್ಬರೂ ಒಬ್ಬರಿಗೊಬ್ಬರು ಹೆದರಿ ನಿಂತಿದ್ದರು. ಮುತ್ತಯ್ಯ ಕೂತು ಅಳತೊಡಗಿದ. ಆಕೆಯ ಗಂಡ ರುದ್ರಸ್ವಾಮಿ ಹಿತ್ತಿಲಿಂದ ಬಂದವರು ಒಂದು ಮಾತೂ ಕೇಳದೆ ಪೊಲೀಸರಿಗೆ ಫೋನ್ ಮಾಡಿದರು. ಜೀಪು ಬರುವವರೆಗೆ ಶಿವರತ್ನಮ್ಮ ಆ ಗೋಡೆ ಬಿಟ್ಟು ಕದಲಲಿಲ್ಲ. ನೀರಿನ ಲೋಟವನ್ನು ಮಾತ್ರ ನೆಲದ ಮೇಲೆ ಇಟ್ಟು ಅವನ ಕಡೆಗೆ ಸರಿಸಿದರು.

ಪೊಲೀಸರು ಹನೂರಿನಲ್ಲಿ ವಿಚಾರಿಸಿದರು. ಸಂದೇಶ ಸುಳ್ಳು, ಸುತ್ತಿನ ಯಾವ ಊರಲ್ಲೂ ಮಗು ಕಳೆದಿರಲಿಲ್ಲ. ಆದರೂ ಅವನು ಮನೆ ಮುಂದೆ ಪೊಲೀಸ್ ಜೀಪಿನಿಂದ ಇಳಿದಾಗ ಅಕ್ಕಪಕ್ಕದವರು ತಮ್ಮ ಮಕ್ಕಳನ್ನು ಒಳಗೆ ಕರೆದುಕೊಂಡರು.

ಬೆರಳು ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಮೀಸೆಯೂ ಬೆಳೆಯಿತು. ಮುತ್ತಯ್ಯ ಈಗ ಊರೂರು ತಿರುಗುವುದಿಲ್ಲ. ಕಾಮಗೆರೆಯ ರಸ್ತೆ ಬದಿಯಲ್ಲಿ ತಗಡಿನ ಅಂಗಡಿ ಹಾಕಿಕೊಂಡಿದ್ದಾನೆ. ಹೊನ್ನೂರಿನಿಂದ ಶಿವರತ್ನಮ್ಮ ಆಟೊ ರಾಜಣ್ಣನ ಕೈಲಿ ಕುಕ್ಕರ್ ಕಳಿಸುತ್ತಾರೆ. ತಾಯಂದಿರ ಜೊತೆ ಮಕ್ಕಳು ಬಂದರೆ ಮುತ್ತಯ್ಯ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಮಾತಾಡುತ್ತಾನೆ.

ಅಂಗಡಿಗೆ ಬೋರ್ಡು ಬರೆಸುವಾಗ ರಾಣಿ, ‘ನಿನ್ ಫೋಟೊನೂ ಹಾಕ್ಸಣ ಅಪ್ಪ’ ಎಂದಳು.

‘ಬ್ಯಾಡ ಕಣವ್ವ’ ಎಂದ. ‘ಕುಕ್ಕರ್ ಚಿತ್ರ ಸಾಕು.’