ಶಾಲೆ ಗೋಡೆಗಳ ಚಿಂತೆ ಹೊತ್ತ ಜಿನ್ನಪ್ಪ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾಯಬಾಗದ ಬಸ್ ನಿಲ್ದಾಣದಲ್ಲಿ ಹಿರಿಯರೊಬ್ಬರು ಮುಗಿಲು ನೋಡುತ್ತ ನಿಂತಿದ್ದಾರೆ. ಶ್ರಾವಣದ ಮಳೆ ಬಿಡದೆ ಜಿನುಗುತ್ತಿದೆ. ಸುತ್ತ ನಿಂತ ರೈತರ ಮುಖ ಅರಳಿದೆ, ಇವರ ಮುಖ ಮಾತ್ರ ಬಾಡಿದೆ. ಬಿಳಿ ಟೋಪಿ, ಧೋತರ, ಹೆಗಲಿಗೆ ಖಾಕಿ ಚೀಲ. ಅದರೊಳಗೆ ಬ್ಯಾಟರಿ, ಸಣ್ಣ ಸುತ್ತಿಗೆ, ದಾರಕ್ಕೆ ಕಟ್ಟಿದ ತೂಕದ ಗುಂಡು, ಸೋಸಿದ ನೀರಿನ ಬಾಟಲಿ, ಹೆಂಡತಿ ಅಕ್ಕುತಾಯಿ ಕಟ್ಟಿಕೊಟ್ಟ ರೊಟ್ಟಿ. ಎಲ್ಲದರ ಮೇಲೆ ಹಳೆಯ ಟವೆಲಿನಲ್ಲಿ ಸುತ್ತಿದ ಬೆರಳಗಲದ ಗಾಜಿನ ಪಟ್ಟಿಗಳು. ಬಸ್ಸು ಬಂದು ಮಂದಿ ಮುನ್ನುಗ್ಗಿದಾಗ ಅವರು ಚೀಲವನ್ನು ಎದೆಗೆ ಅವಚಿಕೊಳ್ಳುತ್ತಾರೆ. "ಸಾವಕಾಶ್ರಿ, ಒಳಗ ಗಾಜ ಅದಾವು."

ಇವರು ಜಿನ್ನಪ್ಪ ಮಗದುಮ್ಮ. ಲೋಕೋಪಯೋಗಿ ಇಲಾಖೆಯಲ್ಲಿ ಓವರಸಿಯರ್ ಆಗಿ ಅಥಣಿ, ಚಿಕ್ಕೋಡಿ, ನಿಪ್ಪಾಣಿ ಎಂದು ಸುತ್ತಾಡಿ, ಐದು ವರ್ಷದ ಹಿಂದೆ ನಿವೃತ್ತರಾದವರು. ಇವರ ವಯಸ್ಸಿನವರು ಕಟ್ಟೆಯ ಮೇಲೆ ಕೂತು ಊರ ಪಂಚಾಯಿತಿ ಮಾಡುವ ಹೊತ್ತಿನಲ್ಲಿ, ಇವರು ಕಂಡವರ ಶಾಲೆಯ ಗೋಡೆ ತಟ್ಟುತ್ತ ತಿರುಗುತ್ತಾರೆ. ಹೆಂಡತಿಯ ಪ್ರಕಾರ ಇದೊಂದು ಗೀಳು. "ಮಳೀ ಬಂತಂದ್ರ ನನಗ ನಿದ್ದಿ ಇಲ್ರಿ," ಎಂದು ಅವರೇ ಒಪ್ಪಿಕೊಳ್ಳುತ್ತಾರೆ. "ಯಾವ ಊರಾಗ ಯಾವ ಗ್ವಾಡಿ ತೊಯ್ಯಾಕತ್ತೈತೋ ಅಂತ ಒಂದೊಂದ ಕಣ್ಣಮುಂದ ಬರತಾವು."

ಸಂತೆಯ ದಿನ ರಾಯಬಾಗದ ವಾಚನಾಲಯದ ಪಡಸಾಲೆಯಲ್ಲಿ ಮೂವರು ನಿವೃತ್ತರು ಚಾಪೆ ಹಾಸಿಕೊಂಡು ಕೂರುತ್ತಾರೆ. ಬ್ಯಾಂಕಿನಲ್ಲಿದ್ದವರು ಲೆಕ್ಕಪತ್ರ ತಿದ್ದಿಕೊಡುತ್ತಾರೆ, ಕೋರ್ಟಿನಲ್ಲಿದ್ದವರು ಸಂಘದ ನೋಂದಣಿ, ಕಾಯದೆ ಹೇಳಿಕೊಡುತ್ತಾರೆ, ಜಿನ್ನಪ್ಪನವರ ಪಾಲಿಗೆ ಗೋಡೆ ಮತ್ತು ಮಾಳಿಗೆ. ಅನುದಾನ ಸಿಗದ ಶಾಲೆಗಳು, ಬಾಲವಾಡಿಗಳು, ಮಹಿಳಾ ಮಂಡಲಗಳು ಇವರ ಗಿರಾಕಿಗಳು. ಬಸ್ಸಿನ ಖರ್ಚು ಕೊಟ್ಟರೆ ಬೇಡವೆನ್ನುವುದಿಲ್ಲ, ಕೊಡದಿದ್ದರೆ ಕೇಳುವುದೂ ಇಲ್ಲ. ಮೊದಲು ತಿಂಗಳಿಗೊಬ್ಬರು ಬಂದರೆ ಹೆಚ್ಚು. ಹೋದ ವರ್ಷ ಕಿಲ್ಲಾರಿಯ ಕಡೆ ಭೂಮಿ ನಡುಗಿದ್ದೇ ನಡುಗಿದ್ದು, ಈ ಭಾಗದವರೆಲ್ಲ ತಮ್ಮ ತಮ್ಮ ಗೋಡೆಗಳನ್ನು ಹೊಸದಾಗಿ ನೋಡತೊಡಗಿದರು. ಈಗ ಅಕ್ಕೋಳದಿಂದ ಕಾಗವಾಡದವರೆಗೆ ಕರೆ ಬರುತ್ತದೆ. ವಾರದಲ್ಲಿ ಮೂರು ದಿನ ಜಿನ್ನಪ್ಪ ಬಸ್ಸಿನಲ್ಲೇ ಇರುತ್ತಾರೆ.

ಕರೆದವರಿಗೆ ಬೇಕಾಗಿರುವುದು ಒಂದೇ ಮಾತು: "ಗಟ್ಟಿ ಐತಿ, ಕುಂದರ್ರಿ." ಆ ಮಾತು ಇವರ ಬಾಯಿಂದ ಹೊರಡುವುದು ಬಲು ತಡ. ಕೃಷ್ಣಾ ನದಿಯ ಆಸುಪಾಸಿನ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿನ ಗೋಡೆ ಅದರ ಜೊತೆಗೇ ಏಳಬೇಕು, ಅದರ ಜೊತೆಗೇ ಇಳಿಯಬೇಕು. ಯಾವ ಬಿರುಕು ಹಳೆಯದು, ಯಾವುದು ಇನ್ನೂ ಬೆಳೆಯುತ್ತಿದೆ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಜಿನ್ನಪ್ಪ ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿ ಬರುತ್ತಾರೆ. ಗೋಡೆ ಕದಲಿದರೆ ಗಾಜು ಸೀಳುತ್ತದೆ. ಫೋಟೊಕ್ಕೆ ಕಟ್ಟು ಹಾಕುವ ಅಂಗಡಿಯವರು ಕತ್ತರಿಸಿ ಉಳಿದ ತುಂಡುಗಳನ್ನು ಇವರಿಗಾಗಿಯೇ ತೆಗೆದಿಡುತ್ತಾರೆ.

ಇಂದಿನ ಬಸ್ಸು ಹೊರಟಿರುವುದು ದಿಗ್ಗೇವಾಡಿಯ ಕಡೆಗೆ. ಅಲ್ಲಿನ ತೋಟದ ವಸತಿಗಳ ನಡುವೆ ಹೆಣ್ಣುಮಕ್ಕಳಿಗೆಂದೇ ನಡೆಸುವ ಒಂದು ಪ್ರೌಢಶಾಲೆ ಇದೆ. ನಡೆಸುವವರು ಶಾಲೆಯ ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ. ಶಾಲೆ ನಡೆಸುವ ಸಂಘದ ಅಧ್ಯಕ್ಷ ರಾವಸಾಹೇಬರ ತಂದೆ ಬಿಟ್ಟುಕೊಟ್ಟ ಅರಿಷಿಣ ದಾಸ್ತಾನು ಮಾಡುತ್ತಿದ್ದ ಹಳೆಯ ವಖಾರಿಯೇ ಅಲ್ಲಿನ ದೊಡ್ಡ ತರಗತಿ. ನಲವತ್ತು ಹುಡುಗಿಯರು ಕೂರುತ್ತಿದ್ದ ಆ ವಖಾರಿಯ ಗೋಡೆಗೆ ಈ ಬೇಸಗೆಯಲ್ಲಿ ಮೇಲಿಂದ ಕೆಳಗೆ ಬಿರುಕು ಬಿಟ್ಟಿತ್ತು. ಜಿನ್ನಪ್ಪ ಹೋಗಿ ಗಾಜು ಕೂರಿಸಿ, ಮುಂಗಾರಿನ ಮಿರಗದ ಮಳೆ ನಾಲ್ಕು ಸಲ ಬಿದ್ದ ಮೇಲೆ ಬಂದು ನೋಡುತ್ತೇನೆ, ಅಲ್ಲಿಯ ತನಕ ರಜೆಯಂತೂ ಇದೆಯಲ್ಲ ಎಂದು ಹೇಳಿ ಬಂದಿದ್ದರು.

ಹೇಳಿದಂತೆ ಜೂನ್ ತಿಂಗಳಲ್ಲಿ ಮತ್ತೆ ಹೋದರು. ಹೋದವರು ಬಾಗಿಲಲ್ಲೇ ನಿಂತುಬಿಟ್ಟರು. ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು! ದೊಡ್ಡವರು ಊರಿಗೆ ಬರುತ್ತಾರೆಂದರೆ ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ ಆಗಲೇಬೇಕು. ಜಿನ್ನಪ್ಪ ಸಾಹೇಬರು ಬರುತ್ತಾರೆಂದು ಶಾಲೆ ಕಸಗುಡಿಸುವ ಸಾವಕ್ಕ ಎರಡು ದಿನ ಬೆವರು ಸುರಿಸಿ, ಬಿರುಕಿಗೆಲ್ಲ ಮಣ್ಣು ತುಂಬಿ, ಸಾರಿಸಿ, ಮೇಲೆ ಸುಣ್ಣ ಬಳಿದಿದ್ದಳು. ಹೆಡ್ ಅಕ್ಕೋರು ಮಂಗಲ ಮೇಡಂ ಕೂಡ, ಗೋಡೆ ಎಷ್ಟು ಚಂದ ಕಾಣುತ್ತದೆ ಎಂದು ಹಿಗ್ಗಿದ್ದರು. ಅತಿಥಿಯ ಮರ್ಯಾದೆಗೆಂದು ಮಾಡಿದ ಕೆಲಸ. ಬೈಯುವುದಾದರೂ ಯಾರನ್ನು?

"ಗಾಜ ಏನ್ಮಾಡ್ದಿ ಸಾವಕ್ಕ?" ಎಂದು ಕೇಳಿದರು ಜಿನ್ನಪ್ಪ.

"ಹುಡುಗ್ಯಾರ ಕೈಗಿ ಹತ್ತೀತಂತ ಕಿತ್ತ, ತೊಳದ ಇಟ್ಟೀನ್ರಿ," ಎಂದು ಸಾವಕ್ಕ ಒಂದು ಪರಾತದಲ್ಲಿ ಗಾಜಿನ ಚೂರುಗಳನ್ನು ತಂದಿಟ್ಟಳು. ಕೆಲವು ಇಡಿಯಾಗಿದ್ದವು, ಕೆಲವು ಒಡೆದಿದ್ದವು.

"ಕೀಳೂಕಿಂತ ಮೊದಲ ಸೀಳಿದ್ವೋ, ನಿನ್ನ ಕೈಯಾಗ ಮುರದ್ವೋ?"

ಸಾವಕ್ಕನ ಮುಖ ಸಪ್ಪಗಾಯಿತು. "ಒಂದೆರಡ ಮೊದಲ ಸೀಳಿದ್ದಂಗಿದ್ವು... ಇಲ್ರಿ, ಖುರ್ಪಿ ತಾಗಿ ಮುರದ್ವೋ ಏನೋ. ಯಪ್ಪಾ, ನನ್ನ ಕೆಲಸದಿಂದ ತಗೀತೀರೇನ್ರಿ?"

ಯಾರೂ ತೆಗೆಯುವುದಿಲ್ಲ ಎಂದು ಜಿನ್ನಪ್ಪ ಅವಳನ್ನು ಸಮಾಧಾನಪಡಿಸಿದರು. ಸಮಾಧಾನ ಬೇಕಾಗಿದ್ದುದು ಅವರಿಗೇ. ಮರುದಿನ ಶಾಲೆ ಶುರುವಾಗುವುದಿತ್ತು. ಹೊಸ ಗಾಜು ಕೂರಿಸಿದರೆ ಅದು ಮಾತಾಡಲು ಎರಡು ತಿಂಗಳು ಬೇಕು. ಆ ಎರಡು ತಿಂಗಳೇ ನೆಲ ಉಬ್ಬುವ ತಿಂಗಳು. ರಾವಸಾಹೇಬರು ಕೈ ಮುಗಿಯುವುದೊಂದು ಬಾಕಿ. "ಸಾಹೇಬ್ರ, ಬಂದ್ ಮಾಡ್ರಿ ಅನಬ್ಯಾಡ್ರಿ. ಒಂದ ತಿಂಗಳ ಸಾಲಿ ತಪ್ಪಿತಂದ್ರ ಹುಡುಗ್ಯಾರನ್ನ ಕಳೆ ತಗ್ಯಾಕ ಹಚ್ಚತಾರ. ತುಳಸಿ ಲಗ್ನ ಆಗೂದ ತಡ, ಇವರ ಲಗ್ನಾನೂ ಮುಗಸ್ತಾರ. ಮನಿ ಮನಿ ತಿರುಗಿ ತಂದ ಮಕ್ಕಳ್ರಿ ಇವು."

ಜಿನ್ನಪ್ಪ ಎಲ್ಲರನ್ನೂ ಹೊರಗೆ ಕಳಿಸಿ ಒಬ್ಬರೇ ಒಳಗೆ ನಿಂತರು. ಸುತ್ತಿಗೆಯಿಂದ ತಟ್ಟಿ ತಟ್ಟಿ ಕಿವಿ ಕೊಟ್ಟರು. ಗುಂಡು ಇಳಿಬಿಟ್ಟು ನೋಡಿದರು. ಹಸಿ ಸುಣ್ಣದ ವಾಸನೆ ಬಿಟ್ಟರೆ ಗೋಡೆ ಏನೂ ಹೇಳಲಿಲ್ಲ. ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ರೊಟ್ಟಿಯ ಗಂಟು ಬಿಚ್ಚದೆಯೇ ಹೊತ್ತು ಮುಳುಗಿತು. ಹೊರಗೆ ಬಂದು ಅಂದರು: "ನನಗ ಗೊತ್ತಾಗವಲ್ದು. ಗೊತ್ತಾಗದ ಗ್ವಾಡಿ ಕೆಳಗ ಮಕ್ಕಳನ್ನ ಕುಂದರಿಸೂದ ಬ್ಯಾಡ."

ರಾವಸಾಹೇಬರು ಮುಖ ತಿರುಗಿಸಿಕೊಂಡು ಸ್ಕೂಟರ್ ಹತ್ತಿದರು. ಅಂಥ ಹೊತ್ತಿನಲ್ಲಿ ಬಾಯಿ ಬಿಟ್ಟವಳು ಸಾವಕ್ಕ. "ಧಣ್ಯಾರ, ನಿಮ್ಮ ಗಾಣದ ಮನಿ ಖಾಲೀನ ಐತ್ರಲ್ಲಾ. ಬೆಲ್ಲಾ ಮಾಡೂದು ದೀಪಾವಳಿ ಮ್ಯಾಗ." ಗಾಣದ ಮನೆಯೆಂದರೆ ಕಬ್ಬಿನ ಹೊಲದಂಚಿನ ತಗಡಿನ ಚಪ್ಪರ, ನಾಲ್ಕೂ ಕಡೆ ಬಟಾಬಯಲು. ರಾವಸಾಹೇಬರು ಸ್ಕೂಟರ್ ಮೇಲಿಂದಲೇ, "ಅಲ್ಲಿ ಗ್ವಾಡಿನ ಇಲ್ಲಲ್ಲಬೇ," ಎಂದು ಗದರಿದರು. "ಅದ ಚಲೋ ಆತಲ್ರಿ, ಬೀಳಾಕ ಏನೈತಿ?" ಎಂದಳು ಸಾವಕ್ಕ. ಆ ಸಂಜೆ ಎಲ್ಲರೂ ನಕ್ಕದ್ದು ಅದೊಂದೇ ಸಲ. ಮರುದಿನ ಬೆಲ್ಲದ ಕೊಪ್ಪರಿಗೆಯ ಕುಣಿಗೆ ಹಲಗೆ ಮುಚ್ಚಿ, ಗಾಳಿ ಬರುವ ಕಡೆ ತಾಡಪಾಲು ಕಟ್ಟಿ, ಶಾಲೆ ಅಲ್ಲಿಗೆ ಹೋಯಿತು. ವಖಾರಿಗೆ ಜಿನ್ನಪ್ಪ ಸಾವಕ್ಕನ ಕೈಯಿಂದಲೇ ಮಣ್ಣು ಕೆರೆಸಿ ಹೊಸ ಗಾಜು ಕೂರಿಸಿದರು.

ಅದನ್ನು ನೋಡಲೆಂದೇ ಇಂದಿನ ಪ್ರಯಾಣ. ಬಸ್ಸಿಳಿದ ಜಿನ್ನಪ್ಪ ಕೆಸರಿನಲ್ಲಿ ನೇರ ವಖಾರಿಗೇ ನಡೆಯುತ್ತಾರೆ. ವಖಾರಿಯ ಬೀಗ ತೆಗೆದು ಬ್ಯಾಟರಿ ಬಿಡುತ್ತಾರೆ. ಒಂದೊಂದು ಪಟ್ಟಿಯ ಮೇಲೂ ಉಗುರು ಆಡಿಸುತ್ತಾರೆ. ಎಲ್ಲ ಇಡಿಯಾಗಿವೆ, ಒಂದೂ ಸೀಳಿಲ್ಲ.

"ನೋಡ್ರಿ!" ಎಂದು ರಾವಸಾಹೇಬರು ಜೋರಾಗಿಯೇ ಹೇಳುತ್ತಾರೆ. "ಗ್ವಾಡಿ ಬಂಡಿಗಲ್ಲ ಇದ್ದಂಗ ಐತಿ. ಊರಾಗ ಮಂದಿ ನನ್ನ ನೋಡಿ ನಗಾಕತ್ತಾರ. ನಾಳಿಂದ ಇಲ್ಲೇ ಕುಂದರಿಸೂಣೇನ್ರಿ?"

"ಈ ಎರಡ ತಿಂಗಳು ಕದಲಿಲ್ಲ ಅಂತ ಅಷ್ಟ ಹೇಳತಾವ್ರಿ ಇವು," ಎನ್ನುತ್ತಾರೆ ಜಿನ್ನಪ್ಪ. "ಬ್ಯಾಸಗಿಗಿ ನೆಲಾ ಕುಗ್ಗಬೇಕು. ಆವಾಗೂ ಹಿಂಗ ಇದ್ರ, ಕುಂದರ್ರಿ ಅಂತೀನಿ. ದೀಪಾವಳಿ ಒಳಗ ಒಂದ ತಗಡಿನ ಖೋಲಿ ಎತ್ತೂಣ, ನಾ ನಿಂತ ಮಾಡಸ್ತೀನಿ." ರಾವಸಾಹೇಬರು ಏನೋ ಗೊಣಗುತ್ತ ವಖಾರಿಗೆ ಬೀಗ ಹಾಕುತ್ತಾರೆ. ಒಪ್ಪಿಗೆಯೋ ಸಿಟ್ಟೋ ತಿಳಿಯುವುದಿಲ್ಲ. ಜಿನ್ನಪ್ಪನವರಿಗೂ ಒಳಗೊಳಗೆ ಪಿಚ್ಚೆನ್ನುತ್ತದೆ. ಸುಮ್ಮನೆ ಹೆದರಿಸಿದೆನೇ? ನಲವತ್ತು ಮಕ್ಕಳನ್ನು ಬಯಲಿಗೆ ಹಾಕಿದ್ದು ತಪ್ಪಾಯಿತೇ?

ಗಾಣದ ಮನೆಯಲ್ಲಿ ಮಳೆಯ ಸದ್ದಿಗಿಂತ ಮೇಲೆ ದನಿಯೇರಿಸಿ ಮಂಗಲ ಮೇಡಂ ಪಾಠ ಮಾಡುತ್ತಿದ್ದಾರೆ. ಜಿನ್ನಪ್ಪ ಹೊರಗೆ ಕಾಯುತ್ತಾರೆ. ಪಾಠ ಮುಗಿದ ಮೇಲೆ, ಎರಡು ತಿಂಗಳಿಂದ ಕೇಳಲು ಅಂಜಿದ್ದನ್ನು ಕೇಳುತ್ತಾರೆ. "ಯಾರರೆ ಸಾಲಿ ಬಿಟ್ಟಾರೇನ್ರಿ ಅಕ್ಕೋರ?"

"ಇಬ್ಬರು ಬಿಟ್ಟಿದ್ರು, ಒಬ್ಬಾಕಿ ತಿರುಗಿ ಬಂದ್ಲು. ಸುಂದರಾ ಬಂದಿಲ್ರಿ, ಒಂಬತ್ತನೇ ಇಯತ್ತೆಯಾಕಿ. ಲೆಕ್ಕದಾಗ ಭಾಳ ಹುಷಾರಿದ್ಲು."

ಸುಂದರಾಳ ತಂದೆ ಗುರಪ್ಪ ಹೊಲದ ಕೂಲಿ. ಮನೆ ಹಳ್ಳದಾಚೆ. ಮಳೆಯಲ್ಲಿ ಅಲ್ಲಿಗೆ ಹೋಗುವ ಹೊತ್ತಿಗೆ ಜಿನ್ನಪ್ಪನವರ ಧೋತರ ಮೊಣಕಾಲ ತನಕ ಕೆಸರು. ಗುರಪ್ಪ ಎದ್ದು ನಿಂತು ಕಂಬಳಿ ಹಾಸುತ್ತಾನೆ. ಒಲೆಯ ಹತ್ತಿರ ಕೂತ ಹುಡುಗಿ ತಲೆ ಎತ್ತುವುದಿಲ್ಲ.

ಕಳೆ ತೆಗೆಯಲು ಬೇಕಾಗಿದ್ದಳು ಎಂದೋ, ವರ ನೋಡುತ್ತಿದ್ದೇವೆ ಎಂದೋ ಗುರಪ್ಪ ಹೇಳುತ್ತಾನೆಂದು ಜಿನ್ನಪ್ಪ ತಯಾರಾಗಿ ಬಂದಿದ್ದಾರೆ. ಗುರಪ್ಪ ಹೇಳುವುದೇ ಬೇರೆ.

"ನಿಮ್ಮ ಮಾತ ಕೇಳೇ ಬಿಡಿಸೀನ್ರಿ ಸಾಹೇಬ್ರ. ಸಾಲಿ ಬೀಳ್ತೈತಿ ಅಂದ್ರೆಂತಲ್ರಿ. ಬೀಳು ಸಾಲಿಗಿ ಮಗಳನ್ನ ಹೆಂಗ ಕಳಸ್ಲಿ?"

ಹುಡುಗಿಯನ್ನು ಶಾಲೆ ಬಿಡಿಸಿದ್ದು ಕೂಲಿಯಲ್ಲ, ಲಗ್ನವಲ್ಲ, ಜಿನ್ನಪ್ಪನವರದೇ ಮಾತು. "ವಖಾರಿಗಿ ಅಂದಿದ್ನಪಾ," ಎನ್ನುತ್ತಾರೆ ಮೆಲ್ಲಗೆ. "ಈಗ ಗಾಣದ ಮನ್ಯಾಗ ಕುಂದರತಾರ."

"ಅದೂ ಬಿದ್ರ?"

"ಕಂಬಾ, ತಗಡಾ ಎಲ್ಲಾ ನೋಡೀನಿ."

"ಹಂಗಲ್ರಿ. ಅದು ಬೀಳೂದಿಲ್ಲ ಅಂತ ಬಾಯಿಬಿಟ್ಟ ಹೇಳ್ರಿ. ನೀವ ಹೇಳಿದ್ರ ನಾಳೆ ಮುಂಜಾನೆ ಕಳಸ್ತೀನಿ."

ಮಾಳಿಗೆ ಸೋರುತ್ತಿದೆ. ಹುಡುಗಿ ಊದುಗೊಳವೆ ಕೆಳಗಿಟ್ಟು ಇವರನ್ನೇ ನೋಡುತ್ತಿದ್ದಾಳೆ. ನೌಕರಿಯಲ್ಲಿದ್ದಾಗ ಜಿನ್ನಪ್ಪ ಕಟ್ಟಡ ಗಟ್ಟಿಯೆಂದು ಬರೆದು ಕೊಟ್ಟಿದ್ದುಂಟು, ಬಾಯಿಮಾತಿನಲ್ಲಿ ಆಣೆಯಂತೆ ಹೇಳಿದ್ದಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಜಿನ್ನಪ್ಪ ಹೇಳುತ್ತಾರೆ: "ಬೀಳೂದಿಲ್ಲ. ಕಳಸಪಾ."

ಹೇಳಿದ್ದೇನೋ ಹೇಳಿದರು, ಆಮೇಲೆ ಕಾಲು ಬಸ್ಸಿನ ಕಡೆ ಹೋಗಬೇಕಲ್ಲ! ಆ ರಾತ್ರಿ ರಾವಸಾಹೇಬರ ಮನೆಯಲ್ಲೇ ಉಳಿಯುತ್ತಾರೆ. ಬೆಳಗಾಗುವುದರೊಳಗೆ ಗಾಣದ ಮನೆಯಲ್ಲಿದ್ದಾರೆ. ಒಂದೊಂದು ಕಂಬದ ಬುಡ ಒದ್ದು ನೋಡುತ್ತಾರೆ, ಏಣಿ ಹತ್ತಿ ತಗಡಿನ ಮೊಳೆ ಅಲುಗಾಡಿಸುತ್ತಾರೆ, ಸಡಿಲಾದ ತಾಡಪಾಲನ್ನು ಸಾವಕ್ಕನ ಜೊತೆ ಎಳೆದು ಬಿಗಿಯುತ್ತಾರೆ. ಗಾಳಿ ಬೀಸಿ ತಗಡು ಸದ್ದು ಮಾಡಿದಾಗಲೆಲ್ಲ ಕೆಲಸ ನಿಲ್ಲಿಸಿ ಮೇಲೆ ನೋಡುತ್ತಾರೆ.

ಹುಡುಗಿಯರು ಒಬ್ಬೊಬ್ಬರೇ ಬರತೊಡಗುತ್ತಾರೆ. ಎಲ್ಲರ ಹಿಂದೆ, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಒಬ್ಬಳು. ಹಳ್ಳದ ದಂಡೆಯ ತನಕ ಕಳಿಸಲು ಬಂದ ಗುರಪ್ಪ ದೂರದಲ್ಲೇ ನಿಂತು, ಚಪ್ಪರವನ್ನೊಮ್ಮೆ, ಜಿನ್ನಪ್ಪನವರನ್ನೊಮ್ಮೆ ನೋಡಿ ತಿರುಗಿ ಹೋಗುತ್ತಾನೆ. ಸುಂದರಾ ಕೊಪ್ಪೆ ಕೊಡವಿ, ಗೆಳತಿಯರನ್ನು ಸರಿಸಿ ತನ್ನ ಜಾಗ ಮಾಡಿಕೊಳ್ಳುತ್ತಾಳೆ.

ಜಿನ್ನಪ್ಪ ಕೈಯ ಕೆಸರನ್ನು ಧೋತರಕ್ಕೇ ಒರೆಸಿಕೊಳ್ಳುತ್ತಾರೆ. "ನಿನ್ನಿ ತನಕ ಇಷ್ಟ ಮಕ್ಕಳ ಕಾಳಜಿ ಇತ್ರಿ, ಇವತ್ತ ಒಂದ ಹೆಚ್ಚಾತು," ಎನ್ನುತ್ತಾರೆ. ತಗಡಿನ ಕಡೆ ಇನ್ನೊಮ್ಮೆ ಕಣ್ಣು ಹೋಗುತ್ತದೆ. "ಆಗ್ಲಿ. ಇಂಥಾ ಕಾಳಜಿ ಹೆಚ್ಚಾಗ್ಲಿ."