ಮೊಣಕೈಯ ಡಾಂಬರು

ಮೂಡಿಗೆರೆಯ ನಮ್ಮ ಆಸ್ಪತ್ರೆಯಲ್ಲಿ, ಗಾಯಾಳು ಬಿದ್ದ ಜಾಗಕ್ಕೆ ಕೋಡ್ ನಂಬರ್ ಹಾಕುವ ಗುಮಾಸ್ತರೊಬ್ಬರಿದ್ದರು. ಮನೆಗೊಂದು, ತೋಟಕ್ಕೊಂದು, ರಸ್ತೆಗೊಂದು ನಂಬರು. ರಸ್ತೆ ಎಂದರೆ ಪೊಲೀಸರು ಬರುತ್ತಾರೆಂದು ಜೀಪಿನಿಂದ ಬಿದ್ದವರೆಲ್ಲ "ತೋಟದಲ್ಲಿ ಜಾರಿದೆ" ಎನ್ನುತ್ತಿದ್ದರು. ಈ ಗುಮಾಸ್ತರು ಕನ್ನಡಕ ಹಣೆಗೇರಿಸಿ, ನರಳುವವನ ಮೊಣಕೈ ತಿರುಗಿಸಿ, ಅಂಟಿದ್ದ ಕಪ್ಪು ಚೂರು ತೋರಿಸಿ, "ಕಾಫಿ ಗಿಡದ ಬುಡಕ್ಕೆ ಯಾವ ಪುಣ್ಯಾತ್ಮ ಡಾಂಬರು ಹಾಕ್ಸಿದ್ದು ಮಾರಾಯಾ?" ಎಂದು ಕೇಳಿಯೇ ಕೇಳುವರು.

ಒಂದು ಮಳೆಗಾಲ ಅವರೇ ಸ್ಕೂಟರಿನಿಂದ ಬಿದ್ದು ಬಂದರು. ನರ್ಸ್ ಆಗಿದ್ದ ನಾನು ಗಾಯ ಒರೆಸುತ್ತ ಅವರ ಮೊಣಕೈ ತಿರುಗಿಸಿ ನೋಡಿದೆ. ಬರೀ ಕೆಂಪು ಕೆಸರು.

"ತೋಟದಲ್ಲಿ ಬಿದ್ರಾ ಸಾರ್?"

ಸ್ಪಿರಿಟ್ಟಿಗಿಂತ ಆ ಮಾತೇ ಅವರಿಗೆ ಹೆಚ್ಚು ಉರಿಯಿತು. "ಕಳಸದ ಮೇನ್ ರೋಡಲ್ಲೇ ಬಿದ್ದದ್ದು ಮಾರಾಯ್ತಿ! ಅಲ್ಲಿ ಡಾಂಬರು ಇದ್ರೆ ತಾನೆ ಕೈಗೆ ಹತ್ತೋದು?"